ನಗಿಸೋಕಷ್ಟೇ ಬೇಕಾದ ಮಾತು

ಹೈದರಾಬಾದಿಗೆ ಬಂದ ಹೊಸದರಲ್ಲಿ ನಾನು ತೆಲುಗು ಕಲಿತದ್ದು ಸಿನಿಮಾ ನೋಡಿ. ನಾಯಕನ ಬಾಯಲ್ಲಿ ಕೃಷ್ಣಾ, ಗೋದಾವರಿ ಕಡೆಯ ತೆಲುಗು. ತೆಲಂಗಾಣದ ತೆಲುಗು ಮಾತ್ರ ಬಹುಮಟ್ಟಿಗೆ ರೌಡಿಗೆ, ಕೆಲಸದವಳಿಗೆ, ಇಲ್ಲವೇ ನಗಿಸುವವನಿಗೆ. ಚಿತ್ರೋದ್ಯಮ ಇರುವುದು ಇದೇ ಊರಲ್ಲಿ; ತೆರೆಯ ಮೇಲೆ ಈ ಊರಿನ ಮಾತಿಗೇ ಮರ್ಯಾದೆ ಇರಲಿಲ್ಲ. ತೆಲಂಗಾಣ ಚಳವಳಿಯವರ ದೂರುಗಳಲ್ಲಿ ಇದೂ ಒಂದಾಗಿತ್ತು.

2014ರಲ್ಲಿ ರಾಜ್ಯ ಬಂತು. 2017ರ ‘ಫಿದಾ’ದಲ್ಲಿ ಬಾನ್ಸುವಾಡದ ಹುಡುಗಿ ಅದೇ ಮಾತಿನಲ್ಲಿ ಪ್ರೀತಿಸಿದಳು, ಜಗಳವಾಡಿದಳು. ಆ ಪಾತ್ರಕ್ಕೆ ತಾವೇ ದನಿ ಕೊಟ್ಟ ಸಾಯಿ ಪಲ್ಲವಿ, ನಮ್ಮ ಕನ್ನಡಕ್ಕೆ ತೀರಾ ಹತ್ತಿರದ ಬಡಗ ನುಡಿಯಾಡುವ ನೀಲಗಿರಿ ಸಮುದಾಯದವರು. 2023ರಲ್ಲಿ, ಹಾಸ್ಯನಟರಾಗಿದ್ದ ವೇಣು ಯೆಲ್ದಂಡಿ ‘ಬಲಗಂ’ ನಿರ್ದೇಶಿಸಿದರು. ಅದು ಸಾವಿನ ಮನೆಯ ಕಥೆ. ಹಳ್ಳಿಗಳಲ್ಲಿ ಪರದೆ ಕಟ್ಟಿ ಜನ ಒಟ್ಟಿಗೆ ಕೂತು ನೋಡಿ ಅತ್ತರು. ನಗಿಸೋಕಷ್ಟೇ ಎಂದುಕೊಂಡಿದ್ದ ಮಾತು ಅಳಿಸಿಯೂ ತೋರಿಸಿತು.

ಇನ್ನು ನಮ್ಮ ವಿಷಯ. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಇಲ್ಲಿನ ಹಳೆಯ ಕನ್ನಡ ಮನೆಗಳಲ್ಲಿ ಆ ಕಡೆಯವು ಬಹಳ. ಬೆಂಗಳೂರಿನಿಂದ ಬರುವ ಧಾರಾವಾಹಿಗಳಲ್ಲಿ, ಕಾಮಿಡಿ ಷೋಗಳಲ್ಲಿ ಆ ಕನ್ನಡ ಯಾರ ಪಾಲಿಗೆ ಬರುತ್ತದೆ, ಒಮ್ಮೆ ಗಮನಿಸಿ. ‘ಏನ್ ಮಾಡ್ಲತ್ತೀರಿ’ ಅಂದರೆ ಸಾಕು, ಜೋಕು ಬರುವ ಮೊದಲೇ ನಗು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಲಬುರಗಿ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಅಜ್ಜಿಯ ಜೊತೆ ಅರಳು ಹುರಿದಂತೆ ಕನ್ನಡ. ಬೆಂಗಳೂರಿನ ನೆಂಟರು ಬಂದರೆ ಇಂಗ್ಲಿಷು. ಯಾಕಮ್ಮಾ ಅಂತ ಕೇಳಿದೆ. “ನಾ ಮಾತಾಡಿದ್ರ ಟಿವಿಯಾಗಿನ ಕಾಮಿಡಿ ಅಂದಂಗ ಆಗ್ತದಂತ್ರೀ ಅಂಕಲ್” ಅಂದಳು.

ಹೊರನಾಡಿನಲ್ಲಿ ಮಕ್ಕಳು ಕನ್ನಡ ಬಿಡುತ್ತಿದ್ದಾರೆ ಎಂದು ಸಂಘದ ಸಭೆಗಳಲ್ಲಿ ಕೊರಗುತ್ತೇವೆ. ತೆಲುಗನ್ನೋ ಇಂಗ್ಲಿಷನ್ನೋ ದೂರುತ್ತೇವೆ. ಈ ಮಗುವಿನ ಬಾಯಿ ಕಟ್ಟಿದ್ದು ಕನ್ನಡಿಗರದೇ ನಗು.

ಹಾಸ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಉತ್ತರ ಕರ್ನಾಟಕದವರಷ್ಟು ತಮ್ಮನ್ನು ತಾವೇ ನೋಡಿ ನಗಬಲ್ಲವರು ಕಡಿಮೆ. ಆದರೆ ಅದೇ ಮಾತಿನಲ್ಲಿ ಡಾಕ್ಟರು ರೋಗಿಗೆ ಧೈರ್ಯ ಹೇಳಲಿ, ಹುಡುಗ ಪ್ರೀತಿ ಹೇಳಿಕೊಳ್ಳಲಿ, ತಾಯಿ ಮಗನನ್ನು ಗದರಲಿ. ಬರೆಯುವ ಕೋಣೆಯಲ್ಲಿ ಆ ಕಡೆಯವರು ಕೂತರೆ ಇದೆಲ್ಲ ತಾನಾಗಿ ಬರುತ್ತದೆ; ತೆಲುಗಿನಲ್ಲಿ ಬಂದದ್ದೂ ಹಾಗೆಯೇ.

ಬೆಂಗಳೂರಿನ ಚಾನೆಲ್ಲು ನಮ್ಮ ಕೈಯಲ್ಲಿಲ್ಲ, ರಾಜ್ಯೋತ್ಸವದ ನಾಟಕ ನಮ್ಮ ಕೈಯಲ್ಲಿದೆ. ಈ ಸಲ ಅದರಲ್ಲಿ ನ್ಯಾಯಾಧೀಶರ ಮಾತು ಕಲಬುರಗಿ ಕನ್ನಡದಲ್ಲಿರಲಿ ಎಂದು ಕೇಳಿದ್ದೇನೆ. ಮೊದಲ ಮಾತಿಗೆ ಸಭೆ ನಕ್ಕೀತು. ನಗಲಿ. ತೀರ್ಪು ಓದುವ ಹೊತ್ತಿಗೆ ಸುಮ್ಮನಾಗುತ್ತಾರೆ.