ಸ್ಪೆಸಿಮನ್ ಅಂದ್ರ ಲಕ್ಷ ರೂಪಾಯಿ ಅಲ್ರೀ

ಅಂಚೆಚೀಟಿ ಕೂಡಿಡೋ ನನ್ನ ಹುಚ್ಚಿನ ಬಗ್ಗೆ ಇಲ್ಲಿ ಹಿಂದೆಯೂ ಒಂದೆರಡು ಸಲ ಕೊರೆದಿದ್ದೇನೆ. ಈ ಸಲ ಸ್ವಲ್ಪ ಜಗಳ ತೆಗೆಯೋಣ ಅಂತ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಬಳಗದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ತಿರುಗಾಡ್ತಾ ಇದೆ: ಹಳೇ ಸ್ಟಾಂಪಿನ ಮ್ಯಾಲೆ 'ಸ್ಪೆಸಿಮನ್' ಅಂತ ಇದ್ದರ ಲಕ್ಷಗಟ್ಟಲೆ ರೊಕ್ಕ! ನನ್ನ ಪ್ರಕಾರ ಈ ಮಾತಿನಿಂದ ಆಗ್ತಿರೋದು ಎರಡು ನಷ್ಟ. ಒಂದು ಜೇಬಿಗೆ. ಇನ್ನೊಂದು ಅದಕ್ಕಿಂತ ದೊಡ್ಡದು, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಈ ಸ್ಪೆಸಿಮನ್ ಅಂದ್ರೆ ಏನು ನೋಡೋಣ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ದೇಶದೇಶಗಳ ಅಂಚೆ ಒಕ್ಕೂಟ ಹುಟ್ಟಿತು. ಬ್ರಿಟಿಷ್ ಇಂಡಿಯಾ ಅದಕ್ಕೆ ಸೇರಿದ್ದು 1876ರಲ್ಲಿ. ಪರದೇಶದ ಚೀಟಿ ಅಸಲಿಯೋ ಅಲ್ಲವೋ ಅಂತ ಇಲ್ಲಿಯ ಅಂಚೆಯವರಿಗೆ ಗೊತ್ತಾಗಬೇಕಲ್ಲ? ಅದಕ್ಕೇ ಹೊಸ ಚೀಟಿ ಬಂದಾಗ ಒಂದಿಷ್ಟು ಮಾದರಿಗಳನ್ನ ಬರ್ನ್‌ಗೆ ಕಳಿಸೋದು, ಅಲ್ಲಿಂದ ಎಲ್ಲ ದೇಶಗಳಿಗೂ ಹಂಚೋದು. ಆ ಮಾದರಿಯನ್ನೇ ಯಾರಾದ್ರೂ ಲಕೋಟೆಗೆ ಅಂಟಿಸಿಬಿಟ್ರೆ? ಹಾಗಾಗಬಾರದು ಅಂತ ಬ್ರಿಟಿಷರು ಅದರ ಮೇಲೆ 'ಸ್ಪೆಸಿಮನ್' ಅಂತ ಅಚ್ಚು ಹೊಡೀತಿದ್ರು. ಮುಂದೆ ಅದೇ ಪದವನ್ನ ಸಣ್ಣ ಸಣ್ಣ ತೂತುಗಳಲ್ಲಿ ಕೊರೆಯೋದೂ ಬಂತು. ಅವರ ವಸಾಹತುಗಳಲ್ಲಿ ಈ ಪದ್ಧತಿ 1948ಕ್ಕೆ ನಿಂತಿತು. ಒಂದೊಂದು ಚೀಟಿಯದೂ ಕೆಲವು ನೂರು ಮಾದರಿ ಮಾತ್ರ, ಹಾಗಾಗಿ ಅಪರೂಪ ಹೌದು.

ಆದ್ರೆ ಅಪರೂಪ ಅಂದ ಮಾತ್ರಕ್ಕೆ ಲಕ್ಷ ಆಗಲ್ಲ. ಸ್ಟ್ರೈಟ್ಸ್ ಸೆಟಲ್‌ಮೆಂಟ್ಸ್‌ನ 500 ಡಾಲರಿನ ಚೀಟಿ ನೋಡಿ (ಈಗಿನ ಸಿಂಗಾಪುರದ ಕಡೆಯದು). ಅದರ ಬಳಸದ ಪ್ರತಿ ನಮ್ಮಂಥವರ ಕೈಗೆ ಎಟುಕೋ ಮಾತೇ ಅಲ್ಲ, ಅದರ ಸ್ಪೆಸಿಮನ್ ಮಾತ್ರ ಎಷ್ಟೋ ಅಗ್ಗ. ಅಸಲಿ ಕೊಳ್ಳಲಾಗದವರು ಅದನ್ನ ಕೊಂಡು ಸಮಾಧಾನ ಪಡ್ತಾರೆ. ಚಿಲ್ಲರೆ ಬೆಲೆಯ ಚೀಟಿಗಳಲ್ಲಿ ಇದು ಪೂರಾ ಉಲ್ಟಾ: ಚೀಟಿ ಕಾಸಿಗೊಂದು ಸಿಗುತ್ತೆ, ಸ್ಪೆಸಿಮನ್ನಿಗೆ ಬೆಲೆ. ಕಳ್ಳರಿಗೆ ಬೇಕಾದ್ದೂ ಇದೇ! ಕಾಸಿನ ಚೀಟಿ ಮೇಲೆ ಒಂದು ಪದ ಅಚ್ಚು ಹಾಕಿದ್ರೆ ಮುಗೀತು.

ಒಂದು ಪದಕ್ಕೆ ಎಷ್ಟು ಬೆಲೆ ಬರಬಹುದು ಅಂತೀರಾ? 1948ರ ಆಗಸ್ಟ್ 15ಕ್ಕೆ ಬಂದ ಗಾಂಧಿ ಚೀಟಿಗಳಲ್ಲಿ 10 ರೂಪಾಯಿಯದು ಗೊತ್ತಲ್ಲ. ಅದರ ಮೇಲೆ 'ಸರ್ವಿಸ್' ಅಂತ ಅಚ್ಚಾದ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯ್ತು. ಪೇಪರಿನಲ್ಲಿ ಇಂಥ ಸುದ್ದಿ ಓದಿದವರಿಗೆ ಸರ್ವಿಸ್ಸೂ ಒಂದೇ, ಸ್ಪೆಸಿಮನ್ನೂ ಒಂದೇ.

ಸಿಂದಗಿ ಹತ್ತಿರ ಇರೋ ನಮ್ಮ ಕಾಕಾ ಇದೇ ಗುಂಗಿನಲ್ಲಿ ನಾಲ್ಕು ಸಾವಿರ ಕೊಟ್ಟು ಐದನೇ ಜಾರ್ಜ್ ದೊರೆಯ ಒಂದಾಣೆ ಚೀಟಿ ಕೊಂಡಿದ್ದರು. ತೊಗರಿ ಮಾರಿದ ರೊಕ್ಕದಲ್ಲಿ ಇನ್ನೂ ಅರವತ್ತು ಸಾವಿರದ್ದು ಕೊಳ್ಳೋ ತಯಾರಿ. "ತಮ್ಮಾ, ನೀ ಕಂಪ್ಯೂಟರ್‌ದಾಗ ನೋಡಿ ಹೇಳು, ಎಷ್ಟ್ ಬರ್ತದ?" ಅಂದ್ರು. ಕಂಪ್ಯೂಟರ್ ಬೇಕಾಗಲಿಲ್ಲ, ಒಂದು ಭೂತಗನ್ನಡಿ ಸಾಕಾಯ್ತು. ಮೂಲೆಯಲ್ಲಿ ಅಂಚೆ ಠಸ್ಸೆಯ ಕಮಾನಿನ ತುಂಡು ಇತ್ತು, ಅದರ ಮೇಲೆ ಹಾದು ಹೋಗಿತ್ತು 'ಸ್ಪೆಸಿಮನ್' ಪದದ ಕೊನೆಯ ಅಕ್ಷರ. ಅಂದ್ರೆ ಚೀಟಿ ಮೊದಲು ಪತ್ರದ ಮೇಲೆ ಊರೂರು ತಿರುಗಿದೆ, ಆಮೇಲೆ ಅದು ಮಾದರಿ ಆಗಿದೆ! ನಮ್ಮ ಆಫೀಸಿನಲ್ಲಿ ಲಾಗ್ ಫೈಲಿನಲ್ಲಿ ಮೊದಲು ಲಾಗೌಟ್ ಬಂದು ಆಮೇಲೆ ಲಾಗಿನ್ ಬಂದ್ರೆ ಹೇಗೆ ನೋಡ್ತೀವೋ ಹಾಗೆ ನೋಡಿದೆ :) ಕಾಕಾ ಒಂದು ಗಂಟೆ ಮಾತಾಡಲಿಲ್ಲ. ಅರವತ್ತು ಸಾವಿರ ಉಳೀತು ಅನ್ನೋದಕ್ಕಿಂತ ನಾಲ್ಕು ಸಾವಿರ ಹೋಯ್ತು ಅನ್ನೋದೇ ಅವರಿಗೆ ಕಾಣಿಸ್ತು. ಪಾಪ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಅಕ್ಷರದ ಆಕಾರ, ಎತ್ತರ, ಮಸಿ ಇವನ್ನ ಖಾತ್ರಿ ಇರೋ ಪ್ರತಿಯ ಜೊತೆ ಹೋಲಿಸದೆ ಯಾವ ಸ್ಪೆಸಿಮನ್ನಿಗೂ ದುಡ್ಡು ಕೊಡಬೇಡಿ. ಮಾರ್ಕಸ್ ಸ್ಯಾಮ್ಯುಯೆಲ್ ಎಂಬುವರು ಬ್ರಿಟಿಷ್ ವಸಾಹತುಗಳ ಸ್ಪೆಸಿಮನ್ ಬಗ್ಗೆಯೇ 1976ರಲ್ಲಿ ಒಂದು ಪುಸ್ತಕ ಮಾಡಿದ್ದಾರೆ, ಅಷ್ಟು ಕೆಲಸ ಇದೆ ಇದರಲ್ಲಿ. ದೊಡ್ಡ ಮೊತ್ತ ಆದ್ರೆ ಪರಿಣತರ ಸರ್ಟಿಫಿಕೇಟ್ ಕೇಳಿ. ಇನ್ನು ನೆಟ್‌ನಲ್ಲಿ ಯಾರೋ ಕೇಳ್ತಿರೋ ರೇಟು ಬೆಲೆ ಅಲ್ಲ. ಹರಾಜಿನಲ್ಲಿ ಕೊಟ್ಟು ಹೋದದ್ದು ಬೆಲೆ.

ಈಗ ಎರಡನೇ ನಷ್ಟ. ಅದೇ ಕಾಕಾನ ಟ್ರಂಕಿನಲ್ಲಿ ಮುದ್ದೇಬಿಹಾಳದಿಂದ ಬಂದ ಒಂದು ರಿಜಿಸ್ಟರ್ ಲಕೋಟೆ ಇತ್ತು. ಮೇಲೆ ಆರಾಣೆಯ ಗೋಳಗುಮ್ಮಟ, 1949ರ ಸರಣಿಯದು. ಅದನ್ನ ನೀರಲ್ಲಿ ನೆನೆಸಿ ಚೀಟಿ ಬಿಡಿಸಿ ಲಕೋಟೆ ಒಲೆಗೆ ಹಾಕೋ ವಿಚಾರ ನಡೆದಿತ್ತು! ಬಿಡಿ ಗೋಳಗುಮ್ಮಟ ಎಲ್ಲಿ ಬೇಕಾದ್ರೂ ಸಿಗುತ್ತೆ. ಮುದ್ದೇಬಿಹಾಳದ ಠಸ್ಸೆ ಹೊತ್ತ ಲಕೋಟೆ ಸಿಗುತ್ತಾ? 1967ರಲ್ಲಿ ಬಂದ 15 ಪೈಸೆಯ ಬಸವೇಶ್ವರ ಚೀಟಿಯೂ ಹಾಗೇ. ಬಿಡಿಯಾಗಿ ಏನೂ ವಿಶೇಷ ಇಲ್ಲ, ಬಸವನ ಬಾಗೇವಾಡಿಯ ಠಸ್ಸೆ ಅದರ ಮೇಲೆ ಬಿದ್ದಿದ್ರೆ ನಾನು ಊಟ ಬಿಟ್ಟು ನೋಡ್ತಾ ಕೂರ್ತೀನಿ. (ಬರೀ 'ಬಾಗೇವಾಡಿ' ಅಂತಿದ್ರೆ ಜಿಲ್ಲೆ ನೋಡಿ, ಬೆಳಗಾವಿ ಕಡೆ ಹಿರೇಬಾಗೇವಾಡಿ ಇದೆ.)

ನಮ್ಮ ಸೀಮೆಯ ಅಂಚೆ ಇತಿಹಾಸವೂ ಸಣ್ಣದಲ್ಲ. ಇಂಡಿ, ಸಿಂದಗಿ ಮುಂಬೈ ಸರಕಾರದ್ದು, ಭೀಮಾ ಆಚೆಯ ಅಫಜಲಪುರ ನಿಜಾಮರದ್ದು. ನಿಜಾಮರಿಗೆ ಅವರದೇ ಚೀಟಿ, ಅದು ಅವರ ರಾಜ್ಯದೊಳಗೆ ಮಾತ್ರ ನಡೀತಿತ್ತು. 1931ರ ಅವರ ಹನ್ನೆರಡಾಣೆ ಚೀಟಿ ಮೇಲೆ ನಮ್ಮ ಬೀದರಿನ ಮದರಸಾದ ಚಿತ್ರವೇ ಇದೆ. ಹೊಳೆ ದಾಟಿದ್ರೆ ಸ್ಟಾಂಪು ಬೇರೆ. ಎರಡೂ ದಂಡೆಯ ಬೀಗರು ಒಬ್ಬರಿಗೊಬ್ಬರು ಬರೆದ ಕಾಗದಗಳು ಯಾರದೋ ಮನೆ ಮಾಳಿಗೆಯಲ್ಲಿ ಗೆದ್ದಲು ತಿಂತಾ ಇರಬಹುದು. ಯಾವ ಕ್ಯಾಟಲಾಗಿನಲ್ಲೂ ಅವಕ್ಕೆ ಬೆಲೆ ಬರೆದಿಲ್ಲ, ಅದಕ್ಕೇ ಯಾರೂ ಕಾಯ್ತಿಲ್ಲ ಅಂತ ನನ್ನ ಸಿಟ್ಟು.

ಆ ಕಡೆಯ ಬ್ಲಾಗಿಗರು ಯಾರಾದ್ರೂ ಊರಿಗೆ ಹೋದಾಗ ಅಜ್ಜನ ಟ್ರಂಕು ತೆಗೆದು ನೋಡಿ. 1950ಕ್ಕೂ ಹಿಂದಿನ ಇಂಡಿ ಅಥವಾ ಸಿಂದಗಿಯ ಠಸ್ಸೆ ಕಂಡ್ರೆ ಚೀಟಿ ಬಿಡಿಸಬೇಡಿ. ಎರಡೂ ಮಗ್ಗಲು ಸ್ಕ್ಯಾನ್ ಮಾಡಿ ನನಗೊಂದು ಕಳಿಸಿ, ಠಸ್ಸೆಯ ತಾರೀಕು ಓದೋ ಕೆಲಸ ನನ್ನದು.