ಸಾಕುಪ್ರಾಣಿಗಳ ಸಂಖ್ಯೆಯೂ ನಗರಪಾಲಿಕೆಯ ಅಪ್ಪಣೆಯೂ

ಒಂದು ಮನೆಯಲ್ಲಿ ಎಷ್ಟು ನಾಯಿಗಳನ್ನು ಸಾಕಬಹುದು, ಗೊತ್ತುಮಾಡಿದ ಸಂಖ್ಯೆಗಿಂತ ಹೆಚ್ಚಾಗಿ ಸಾಕಬಯಸುವವನಿಗೆ ದಾರಿಯೇನು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾಗಿ ತೋರಬಹುದು. ಆದರೆ ಗೃಹಸ್ಥನ ಸ್ವಾತಂತ್ರ್ಯ, ನೆರೆಯವರ ನಿದ್ರೆ, ಮಕ್ಕಳ ಕ್ಷೇಮ, ಮೂಕಪ್ರಾಣಿಯ ಜೀವ ಈ ನಾಲ್ಕೂ ಇದರಲ್ಲಿ ಅಡಗಿರುವುದರಿಂದ, ಇದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ.

ಬೆಂಗಳೂರಿನಲ್ಲಿ ನಡೆದುದನ್ನೇ ನೋಡೋಣ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗಾಗಿ 2018ರಲ್ಲಿ ಹೊರಟ ಉಪವಿಧಿಗಳು ಫ್ಲ್ಯಾಟೊಂದಕ್ಕೆ ಒಂದೇ ನಾಯಿ, ಪ್ರತ್ಯೇಕ ಮನೆಯೊಂದಕ್ಕೆ ಮೂರು ನಾಯಿಗಳು ಎಂದು ಮಿತಿಯನ್ನು ವಿಧಿಸಿದುವು. ಎರಡು ನಾಯಿಗಳನ್ನು ಸಾಕಿಕೊಂಡಿದ್ದ ಫ್ಲ್ಯಾಟಿನ ಗೃಹಸ್ಥನು ಎರಡನೆಯದನ್ನು ಎಲ್ಲಿಗೆ ಕಳುಹಿಸಬೇಕೆಂಬ ಪ್ರಶ್ನೆಯು ಸಹಜವಾಗಿಯೇ ಎದ್ದಿತು. ಮಹಾಜನಗಳ ವಿರೋಧವು ಪ್ರಬಲವಾಗಲು, ಉಪವಿಧಿಗಳನ್ನು ತಡೆಹಿಡಿಯಬೇಕಾಯಿತು. ಹೀಗೆ ಅತಿಯಾಗಿ ಬಿಗಿಯಲು ಹೋದ ಹಗ್ಗವು ಕೈತಪ್ಪಿ, ಇದ್ದ ಅಲ್ಪಸ್ವಲ್ಪ ಹಿಡಿತವೂ ಸಡಿಲವಾಯಿತು.

ಸಂಖ್ಯೆಯೊಂದನ್ನೇ ಅಳತೆಗೋಲಾಗಿ ಹಿಡಿಯುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಮಹಡಿಯ ಮೇಲೆ ಸರಪಳಿಯಲ್ಲಿ ಕಟ್ಟಿಹಾಕಲ್ಪಟ್ಟು ರಾತ್ರಿಯೆಲ್ಲ ಊಳಿಡುವ ಒಂದೇ ನಾಯಿಯು ಇಡೀ ಬೀದಿಗೆ ಕಂಟಕವಾಗಬಹುದು. ಲಸಿಕೆ ಹಾಕಿಸಿಕೊಂಡು, ಹೊಟ್ಟೆ ತುಂಬ ಉಂಡು, ವಿಶಾಲವಾದ ಹಿತ್ತಲಿನಲ್ಲಿ ಬಿದ್ದುಕೊಂಡಿರುವ ನಾಲ್ಕು ನಾಯಿಗಳಿಂದ ಯಾರಿಗೂ ತೊಂದರೆಯಿಲ್ಲದಿರಬಹುದು. ಕಾಲು ಮುರಿದ ಬೀದಿನಾಯಿಯನ್ನು ಕರುಣೆಯಿಂದ ಮನೆಗೆ ತಂದವನನ್ನು ಕಾನೂನು ಅಪರಾಧಿಯೆಂದು ಎಣಿಸಿದರೆ, ಆ ಪ್ರಾಣಿಯು ಮರಳಿ ಬೀದಿಯನ್ನೇ ಸೇರಬೇಕಾದೀತು. ಬೀದಿನಾಯಿಗಳ ಹಾವಳಿಗೆ ಅಂಜಿ ಮಾಡಿದ ನಿಯಮವೇ ಬೀದಿನಾಯಿಗಳನ್ನು ಹೆಚ್ಚಿಸುವುದಾದರೆ ಅದಕ್ಕಿಂತ ವಿಪರೀತವುಂಟೆ?

ಹಾಗೆಂದು ನೆರೆಯವರ ದೂರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡವೆಂದರೆ ಬದುಕುವ ಆಸೆಯು ಬಹುಮಟ್ಟಿಗೆ ಇಲ್ಲವೇ ಇಲ್ಲ. 2030ರೊಳಗಾಗಿ ನಾಯಿಗಳಿಂದ ಹರಡುವ ಈ ಪಿಡುಗನ್ನು ನಿರ್ಮೂಲಮಾಡುವುದಾಗಿ ಭಾರತ ಸರ್ಕಾರವು 2021ರಲ್ಲಿ ಸಂಕಲ್ಪಿಸಿದೆ. ಯಾವ ಮನೆಯಲ್ಲಿ ಯಾವ ನಾಯಿಯಿದೆ, ಅದಕ್ಕೆ ಲಸಿಕೆಯಾಗಿದೆಯೆ ಎಂಬ ಲೆಕ್ಕವೇ ನಗರಪಾಲಿಕೆಯ ಬಳಿ ಇಲ್ಲದಿದ್ದರೆ ಈ ಸಂಕಲ್ಪವು ನೆರವೇರುವ ಬಗೆ ಹೇಗೆ? ಆದುದರಿಂದ ಲೈಸೆನ್ಸು ಬೇಕು, ಮಿತಿಯೂ ಬೇಕು. ಆದರೆ ಮಿತಿಯು ಗೋಡೆಯಾಗಿರಬಾರದು, ಬಾಗಿಲುಳ್ಳ ಬೇಲಿಯಾಗಿರಬೇಕು.

ಪರದೇಶಗಳಲ್ಲಿ ಇಂಥ ಬಾಗಿಲನ್ನು ಇಟ್ಟಿದ್ದಾರೆ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಗೊತ್ತಾದ ಸಂಖ್ಯೆಯನ್ನು ಮೀರಿ ನಾಯಿಬೆಕ್ಕುಗಳನ್ನು ಸಾಕುವವರು ಪ್ರತ್ಯೇಕ ಅನುಮತಿಯನ್ನು ಪಡೆಯಬೇಕು. ಸಿಂಗಪುರದ ಸರ್ಕಾರಿ ವಸತಿಗಳಲ್ಲಿ ದಶಕಗಳಿಂದ ಬೆಕ್ಕು ಸಾಕುವುದೇ ನಿಷಿದ್ಧವಾಗಿತ್ತು. 2024ರ ಸೆಪ್ಟೆಂಬರ್ 1ರಿಂದ ಅಲ್ಲಿ ಮನೆಯೊಂದಕ್ಕೆ ಎರಡು ಬೆಕ್ಕುಗಳಿಗೆ ಅವಕಾಶವಾಯಿತು. ಅದಕ್ಕಿಂತ ಹೆಚ್ಚಾಗಿ ಆಗಲೇ ಸಾಕಿಕೊಂಡಿದ್ದವರು ಎರಡು ವರ್ಷಗಳ ಅವಧಿಯಲ್ಲಿ ಲೈಸೆನ್ಸು ಪಡೆದರೆ, ಅವೆಲ್ಲವನ್ನೂ ಉಳಿಸಿಕೊಳ್ಳಬಹುದೆಂದು ವಿಧಿಸಲಾಯಿತು. ಕಟ್ಟುನಿಟ್ಟಿಗೆ ಹೆಸರಾದ ಆ ನಗರವೇ ಇಷ್ಟು ವಿವೇಕವನ್ನು ತೋರಿದೆಯೆಂಬುದನ್ನು ನಮ್ಮ ಅಧಿಕಾರಿವರ್ಗದವರು ಗಮನಿಸಬೇಕು.

2025ರ ಸೆಪ್ಟೆಂಬರಿನಿಂದ ಬೆಂಗಳೂರಿನ ಆಡಳಿತವು ಐದು ನಗರಪಾಲಿಕೆಗಳಿಗೆ ಹಂಚಿಹೋಗಿದೆ. ಐದು ಕಡೆ ಐದು ಬಗೆಯ ನಿಯಮಗಳಾಗದಂತೆ ಒಂದೇ ಕ್ರಮವನ್ನು ಕೈಕೊಳ್ಳುವುದು ಅವಶ್ಯಕ. ಮಿತಿಯು ಮನೆಯ ವಿಸ್ತಾರಕ್ಕೆ ತಕ್ಕಂತಿರಲಿ. ಮೀರಿ ಸಾಕುವವನಿಗೆ ವರ್ಷವರ್ಷದ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಶುಚಿತ್ವ ಇವುಗಳ ಷರತ್ತಿನ ಮೇಲೆ ಅನುಮತಿಯನ್ನು ಕೊಡಲಿ. ಪಶುವೈದ್ಯರು ಸ್ಥಳಪರೀಕ್ಷೆ ಮಾಡಲಿ. ನೆರೆಯವರ ಮಾತನ್ನು ಕೇಳಲಿ. ಆದರೆ ನಿಷೇಧಿಸುವ ಅಧಿಕಾರವನ್ನು ಅವರ ಕೈಗೆ ಕೊಡಬಾರದು. ನಿವಾಸಿಗಳ ಸಂಘವು ಬಹುಮತದಿಂದಲೂ ಸಾಕುನಾಯಿಗಳನ್ನು ನಿಷೇಧಿಸಲಾಗದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿಯೇ ತಿಳಿಸಿದೆ. ಈಗಾಗಲೇ ಮನೆಯಲ್ಲಿರುವ ಪ್ರಾಣಿಗಳು ಅವುಗಳ ಆಯುಸ್ಸು ತೀರುವವರೆಗೆ ಅಲ್ಲಿಯೇ ಇರಲಿ. ಸಾಕುವ ಹೆಸರಿನಲ್ಲಿ ಮರಿಮಾಡಿಸಿ ಮಾರುವವರಿಗೆ ಮಾತ್ರ ಈ ಸೌಲಭ್ಯವು ಸಲ್ಲಬಾರದು. ಅವರು 2017ರ ಕೇಂದ್ರ ನಿಯಮಗಳಂತೆ ನೋಂದಣಿ ಮಾಡಿಸಿಕೊಳ್ಳತಕ್ಕವರು.

ಅಧಿಕಾರಿಗಳಿಗೆ ಇನ್ನೆರಡು ಮಾತುಗಳು. ನಿಯಮ ಮಾಡುವ ಮೊದಲು ಜನರನ್ನು ವಿಚಾರಿಸಿರಿ. 23 ತಳಿಯ ನಾಯಿಗಳನ್ನು ನಿಷೇಧಿಸಲು ಹೊರಟ ಕೇಂದ್ರದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟು 2024ರ ಏಪ್ರಿಲಿನಲ್ಲಿ ರದ್ದುಪಡಿಸಿದಾಗ, ಸಂಬಂಧಪಟ್ಟವರನ್ನು ಕೇಳಲಿಲ್ಲವೆಂಬುದೂ ಒಂದು ಕಾರಣವಾಗಿತ್ತು. ಮತ್ತೊಂದು, ಅನುಮತಿಯು ಅಲ್ಪ ಶುಲ್ಕಕ್ಕೆ, ಗೊತ್ತಾದ ದಿನಗಳೊಳಗೆ ದೊರೆಯುವಂತಿರಲಿ. ಕಚೇರಿಯ ಮೆಟ್ಟಿಲನ್ನು ಹತ್ತು ಸಲ ಹತ್ತಿಳಿದು, ಕೈಬಿಸಿ ಮಾಡಿ ಪಡೆಯಬೇಕಾದ ಅಪ್ಪಣೆಯನ್ನು ಯಾವನೂ ಕೇಳಲು ಬರುವುದಿಲ್ಲ. ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಸಾಕುತ್ತಾನೆ.

ಪೌರರಿಗೂ ಕರ್ತವ್ಯವುಂಟು. ಜೀವಿಗಳಲ್ಲಿ ದಯೆಯಿಡುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನವೇ ಸಾರಿದೆ. ಆದರೆ ಪಕ್ಕದ ಮನೆಯ ಮನುಷ್ಯನೂ ಜೀವಿಯೇ ಎಂಬುದನ್ನು ಪ್ರಾಣಿಪ್ರಿಯರು ಮರೆಯಬಾರದು. ಸಾಕುವ ಹಕ್ಕನ್ನು ಕೇಳುವವರು ಸಾಕುವ ಹೊಣೆಯನ್ನೂ ಹೊರಲಿ. ಹೊಣೆಯನ್ನು ಹೊತ್ತವರಿಗೆ ನಗರಪಾಲಿಕೆಯವರು ಅಪ್ಪಣೆಯನ್ನು ನಿರಾಕರಿಸದಿರಲಿ.