ಪಕ್ಷ ವಿಲೀನವಾಯಿತು, ಮತದಾರನನ್ನು ಕೇಳಿದವರು ಯಾರು?

ಜನಾರ್ದನ ರೆಡ್ಡಿ ತಮ್ಮ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವನ್ನು ಬಿಜೆಪಿಗೆ ಒಪ್ಪಿಸಿದ್ದನ್ನು ‘ಮಾತೃಪಕ್ಷಕ್ಕೆ ಮರಳಿದರು’ ಎಂದು ಕೊಂಡಾಡುವವರಿಗೆ ನಮ್ಮ ಭಾಗದಲ್ಲಿ ಇಂದಿಗೂ ಬರವಿಲ್ಲ. ಅವರ ಪಕ್ಷ, ಅವರು ಮರಳಲಿ. ಆದರೆ ಹೋಗುವಾಗ ಗಂಗಾವತಿಯ ಜನರ ಮತವನ್ನೂ ಕಟ್ಟಿಕೊಂಡು ಹೋದರಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು?

ನಡೆದದ್ದನ್ನು ನೆನಪಿಸಿಕೊಳ್ಳಿ. 2022ರ ಡಿಸೆಂಬರ್ 25ರಂದು ರೆಡ್ಡಿಯವರು ಹೊಸ ಪಕ್ಷ ಘೋಷಿಸಿದರು. ಫುಟ್‌ಬಾಲ್ ಚಿಹ್ನೆ ಹಿಡಿದು ಕಲ್ಯಾಣ ಕರ್ನಾಟಕದ ಹಲವು ಕ್ಷೇತ್ರಗಳಲ್ಲಿ ಅಭ್ಯರ್ಥಿಗಳನ್ನು ನಿಲ್ಲಿಸಿದರು. 2023ರಲ್ಲಿ ಗೆದ್ದದ್ದು ಗಂಗಾವತಿ ಒಂದೇ, ಅದೂ ಅವರೊಬ್ಬರೇ. ಅಲ್ಲಿನ ಜನ ಕಾಂಗ್ರೆಸ್ಸಿನ ಇಕ್ಬಾಲ್ ಅನ್ಸಾರಿಯವರನ್ನು ಸೋಲಿಸಿದರು. ಬಿಜೆಪಿಯ ಆಗಿನ ಶಾಸಕ ಪರಣ್ಣ ಮುನವಳ್ಳಿಯವರನ್ನು ಮೂರನೇ ಸ್ಥಾನಕ್ಕೆ ತಳ್ಳಿದರು. ಬಿಜೆಪಿ ಬೇಡ ಎಂದು ಇದಕ್ಕಿಂತ ಸ್ಪಷ್ಟವಾಗಿ ಒಂದು ಕ್ಷೇತ್ರ ಹೇಗೆ ಹೇಳಬೇಕು? ಒಂದು ವರ್ಷ ತುಂಬುವ ಮೊದಲೇ, 2024ರ ಮಾರ್ಚ್ 25ರಂದು, ಅದೇ ಮತ ಅದೇ ಬಿಜೆಪಿಯ ಪಾಲಾಯಿತು. ಅದಕ್ಕೂ ಒಂದು ತಿಂಗಳ ಹಿಂದೆ, ಫೆಬ್ರುವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಇದೇ ಶಾಸಕರ ಮತ ಕಾಂಗ್ರೆಸ್ಸಿಗೆ ಬಿದ್ದಿತ್ತು. ಇದರಲ್ಲಿ ಸಿದ್ಧಾಂತ ಎಲ್ಲಿದೆ?

ಕಾನೂನು ಒಪ್ಪುತ್ತದೆ ಎನ್ನುತ್ತಾರೆ. ಆ ಕಾನೂನನ್ನೇ ನೋಡಿ. ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ಅದು ಪಕ್ಷಾಂತರವಲ್ಲ, ವಿಲೀನ ಎನ್ನುತ್ತದೆ ಸಂವಿಧಾನದ ಹತ್ತನೇ ಅನುಸೂಚಿ. ಒಬ್ಬನೇ ಶಾಸಕನಿರುವ ಪಕ್ಷದಲ್ಲಿ ಆ ಮೂರನೇ ಎರಡು ಯಾರು? ಅವನೇ. ಪ್ರಸ್ತಾಪಿಸುವವನೂ ಅವನೇ, ಅನುಮೋದಿಸುವವನೂ ಅವನೇ, ಲಾಭ ಪಡೆಯುವವನೂ ಅವನೇ. ದೊಡ್ಡ ಪಕ್ಷದ ಶಾಸಕನೊಬ್ಬ ಹೀಗೆ ಜಿಗಿದರೆ ಅನರ್ಹನಾಗುತ್ತಾನೆ. ಸಣ್ಣ ಪಕ್ಷದ ಒಂಟಿ ಶಾಸಕ ಜಿಗಿದರೆ ಹಾರ ಹಾಕಿ ಬರಮಾಡಿಕೊಳ್ಳುತ್ತಾರೆ.

ಈ ವ್ಯಾಪಾರ ಹೊಸದೂ ಅಲ್ಲ. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ 2013ರಲ್ಲಿ ನಾಲ್ಕು ಸ್ಥಾನ ಗೆದ್ದಿತು, ಯಡಿಯೂರಪ್ಪನವರ ಕೆಜೆಪಿ ಆರು. 2014ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇಬ್ಬರೂ ಬಿಜೆಪಿಯ ಅಂಗಳದಲ್ಲಿದ್ದರು. ಸಿಟ್ಟಿನಲ್ಲಿ ಪಕ್ಷ ಕಟ್ಟುವುದು, ಮತ ಒಡೆದು ತಾಕತ್ತು ತೋರಿಸುವುದು, ಬೆಲೆ ಕುದುರಿದ ಮೇಲೆ ಮುಚ್ಚುವುದು.

ವಿಲೀನದಿಂದ ಬಿಜೆಪಿಗೆ ಬಲ ಬಂತು ಎಂಬ ಮಾತಾದರೂ ನಿಜವೇ? ನಮ್ಮ ತುರ್ವಿಹಾಳ ಇರುವ ಮಸ್ಕಿ, ಪಕ್ಕದ ಸಿಂಧನೂರು, ರೆಡ್ಡಿಯವರ ಗಂಗಾವತಿ ಮೂರೂ ಕೊಪ್ಪಳ ಲೋಕಸಭಾ ಕ್ಷೇತ್ರದವು. 2024ರಲ್ಲಿ ಕೊಪ್ಪಳದಲ್ಲಿ ಬಿಜೆಪಿ 46 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿತು. ಬಳ್ಳಾರಿಯಲ್ಲಿ ಶ್ರೀರಾಮುಲು ಅವರೇ ಸೋತರು. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ: ಕಲ್ಯಾಣ ಕರ್ನಾಟಕದ ಐದಕ್ಕೆ ಐದೂ ಹೋದವು. ನಾಯಕ ವಿಲೀನವಾದ, ಜನ ಆಗಲಿಲ್ಲ.

ಮತ ಯಾರದು ಎಂಬುದನ್ನು ಮಸ್ಕಿಯ ಜನ ಹಿಂದೆಯೇ ಕಲಿಸಿದ್ದಾರೆ. 2018ರಲ್ಲಿ ಕಾಂಗ್ರೆಸ್ಸಿನಿಂದ 213 ಮತಗಳ ಅಂತರದಲ್ಲಿ ಗೆದ್ದ ಪ್ರತಾಪಗೌಡ ಪಾಟೀಲರು ಮರುವರ್ಷ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 2021ರ ಏಪ್ರಿಲ್ ಉಪಚುನಾವಣೆಯಲ್ಲಿ ಅವರನ್ನು ಜನ 30,606 ಮತಗಳಿಂದ ಮನೆಗೆ ಕಳಿಸಿದರು. ಗೆದ್ದ ಬಸನಗೌಡ ತುರ್ವಿಹಾಳರೂ ಪಕ್ಷ ಬದಲಿಸಿದವರೇ ಅಲ್ಲವೇ ಎಂದು ಕೆಲವರು ಕುಟುಕುತ್ತಾರೆ. ಹೌದು, ಬದಲಿಸಿದರು, ಬದಲಿಸಿ ಜನರ ಮುಂದೆ ನಿಂತು ಮತ ಕೇಳಿದರು. ಪಾಟೀಲರೂ ಕೇಳಿದರು, ಸೋತರು. ಗಂಗಾವತಿಯ ಜನರಿಗೆ ಮಾತ್ರ ಆ ತೀರ್ಪು ಕೊಡುವ ಅವಕಾಶವೇ ಸಿಗಲಿಲ್ಲ.

ಈ ಪಕ್ಷದಾಟಗಳ ಗದ್ದಲದಲ್ಲಿ ಮುಳುಗಿಹೋಗುವುದು ನಮ್ಮ ನೀರು. ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. ನಷ್ಟ ತುಂಬಬೇಕಾದ ನವಲಿ ಸಮಾನಾಂತರ ಜಲಾಶಯ ಭಾಷಣಗಳಲ್ಲೇ ಇದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆಯ ಕೆಳಭಾಗದ ರೈತ ಭತ್ತದ ಗದ್ದೆಯಲ್ಲಿ ನಿಂತು ಜೀವ ಕೈಯಲ್ಲಿ ಹಿಡಿದಿದ್ದ. ನಮ್ಮ ಪಾಮನಕಲ್ಲೂರಿನಲ್ಲಿ 5ಎ ಕಾಲುವೆಗಾಗಿ ರೈತರು ಧರಣಿ ಕೂತಾಗ ಮಸ್ಕಿ ಉಪಚುನಾವಣೆಗೆ ಬಂದ ನಾಯಕರೆಲ್ಲ ಏನೇನು ಹೇಳಿ ಹೋದರೆಂದು ಊರಿಗೆ ಗೊತ್ತಿದೆ. ‘ಕಲ್ಯಾಣ’ದ ಹೆಸರಲ್ಲಿ ಪಕ್ಷ ಕಟ್ಟಿದವರು ವಿಲೀನದ ಹೊತ್ತಿನಲ್ಲಿ ನವಲಿಯನ್ನೋ ಕಾಲುವೆಯನ್ನೋ ಷರತ್ತಾಗಿ ಇಡಬಹುದಿತ್ತು. ಬೇಷರತ್ತಾಗಿ ಸೇರಿದ್ದೇನೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ನಮ್ಮ ಪರವಾಗಿ ಒಂದು ಷರತ್ತನ್ನೂ ಇಡದವರಿಗೆ ನಮ್ಮ ಹೆಸರಿನ ಪಕ್ಷ ಯಾಕೆ ಬೇಕಿತ್ತು?

ಹತ್ತನೇ ಅನುಸೂಚಿಯ ವಿಲೀನದ ಕಿಂಡಿಯನ್ನು ಮುಚ್ಚಬೇಕು. ಪಕ್ಷ ಮುಚ್ಚುವ ಶಾಸಕ ರಾಜೀನಾಮೆ ಕೊಟ್ಟು, ಹೊಸ ಚಿಹ್ನೆ ಹಿಡಿದು ಮತ್ತೆ ಜನರ ಮುಂದೆ ಬರಬೇಕು. ಸಂಸತ್ತು ಅದನ್ನು ಮಾಡುವವರೆಗೆ ನಾವು ಸುಮ್ಮನಿರಬೇಕಿಲ್ಲ. ಹೊಸ ಪಕ್ಷದ ಹೆಸರಲ್ಲಿ ಮತ ಕೇಳಲು ಬರುವವರನ್ನು ಊರ ಕಟ್ಟೆಯಲ್ಲೇ ನಿಲ್ಲಿಸಿ ಕೇಳೋಣ: ಗೆದ್ದ ಮೇಲೆ ಈ ಪಕ್ಷ ಇರುತ್ತದೆಯೇ? ಇಲ್ಲವಾದರೆ ಅಂದೇ ರಾಜೀನಾಮೆ ಕೊಡುತ್ತೀರಾ? ಉತ್ತರ ತಡವರಿಸಿದರೆ ಅವರಿಗೆ ನಮ್ಮ ಮತವಿಲ್ಲ.